ನಿರ್ಜನವೆನಿಸಿಕೊಂಡ ಮರುಭೂಮಿ

ಪರಮಾಣುವು ನಿರವಯವವೆಂದು ವೈಶೇಷಿಕರು ಸಾಧಿಸಿದರು. ಗ್ರೀಕರ ಶಬ್ದಕ್ಕೂ ‘ಕತ್ತರಿಸಲಾಗದುದು’ ಎಂದೇ ಅರ್ಥ. ಶಾಸ್ತ್ರಕಾರರ ಪರಮಾಣುವೂ ಇಂದಿನ ವಿಜ್ಞಾನಿಗಳ ಪರಮಾಣುವೂ ಒಂದೇ ಅಲ್ಲವೆಂಬುದು ನಿಜ. ಆದರೂ 1938ನೆಯ ಡಿಸೆಂಬರಿನಲ್ಲಿ ಬರ್ಲಿನ್ನಿನ ಹಾನ್ ಮತ್ತು ಸ್ಟ್ರಾಸ್‌ಮನ್ ಎಂಬ ರಸಾಯನಜ್ಞರು ಯುರೇನಿಯಮ್ಮನ್ನು ನ್ಯೂಟ್ರಾನ್ ಕಣಗಳಿಂದ ತಾಡಿಸಿ, ಅದರಲ್ಲಿ ಬೇರಿಯಮ್ಮನ್ನು ಕಂಡಾಗ ಆ ಹಳೆಯ ನಂಬಿಕೆಯ ಕೊನೆಯ ಎಳೆಯೂ ಹರಿಯಿತು. ಪರಮಾಣುವಿನ ಬೀಜವೇ ಇಬ್ಭಾಗವಾಯಿತೆಂದು ವಿವರಿಸಿದವರು, ದೇಶಭ್ರಷ್ಟರಾಗಿ ಸ್ವೀಡನ್ನಿನಲ್ಲಿದ್ದ ಲೀಸ್ ಮೈಟ್ನರ್ ಎಂಬ ವಿದುಷಿಯೂ ಅವರ ಅಕ್ಕನ ಮಗ ಫ್ರಿಷ್ ಎಂಬವರೂ. ಬೀಜವೊಂದು ಒಡೆದಾಗ ಹೊರಬೀಳುವ ಎರಡು ಮೂರು ನ್ಯೂಟ್ರಾನುಗಳು ನೆರೆಯ ಬೀಜಗಳನ್ನು ಒಡೆಯುವುವು, ಅವುಗಳಿಂದ ಮತ್ತಷ್ಟು. ಕಣ್ಣೆವೆಯಿಕ್ಕುವುದಕ್ಕೆ ಮುನ್ನವೇ ಈ ಸರಣಿಯು ಮುಗಿದುಹೋಗುವುದು. ಅಸ್ತ್ರದ ಬಲವೆಲ್ಲ ಇದರಲ್ಲಿಯೇ ಇದೆ.

ಇದರ ಪ್ರಥಮ ಪರೀಕ್ಷೆಗೆ ಅಮೆರಿಕದವರು ನ್ಯೂ ಮೆಕ್ಸಿಕೋ ಪ್ರಾಂತದ ಮರುಭೂಮಿಯೊಂದನ್ನು ಆರಿಸಿದರು. ಸ್ಪೇನಿನವರು ಅದಕ್ಕೆ ‘ಸತ್ತವನ ಪಯಣ’ವೆಂಬರ್ಥದ ಹೆಸರನ್ನು ಹಿಂದೆಯೇ ಇಟ್ಟಿದ್ದರು. 1945ನೆಯ ಜುಲೈ 16ರಂದು ಗುಡುಗುಮಳೆಯ ದೆಸೆಯಿಂದ ತಡವಾಗಿ, ಬೆಳಗ್ಗೆ ಐದೂವರೆಯ ಹೊತ್ತಿಗೆ, 100 ಅಡಿ ಎತ್ತರದ ಗೋಪುರದ ಮೇಲೆ ಪ್ಲುಟೋನಿಯಮ್ಮಿನ ಅಸ್ತ್ರವು ಸಿಡಿಯಿತು. ಅದರ ಶಕ್ತಿಯು 20,000 ಟನ್ ಸಿಡಿಮದ್ದಿಗೂ ಮಿಗಿಲು. ಮರಳು ಕರಗಿ ಹಸುರು ಗಾಜಾಯಿತು. ಪ್ರಯೋಗದ ನಾಯಕರಾದ ಓಪೆನ್‌ಹೈಮರರಿಗೆ ಗೀತೆಯ ಹನ್ನೊಂದನೆಯ ಅಧ್ಯಾಯವು ನೆನಪಾದ ಕಥೆಯು ಲೋಕಪ್ರಸಿದ್ಧ. ಅಲ್ಲಿಯ ‘ಕಾಲ’ ಶಬ್ದವನ್ನು ಅವರು ‘ಮೃತ್ಯು’ವೆಂದು ಅನುವಾದಿಸಿದುದನ್ನು ಆಕ್ಷೇಪಿಸುವವರುಂಟು, ಆ ಅರ್ಥವೂ ಆ ಶಬ್ದಕ್ಕೆ ಸಲ್ಲುವುದು. ವಿಚಾರಿಸಬೇಕಾದ ಶಬ್ದವು ಅದಲ್ಲ, ‘ನಿರ್ಜನ’ ಎಂಬುದು.

ಏಕೆಂದರೆ ಸ್ಫೋಟಸ್ಥಾನಕ್ಕೆ 20 ಮೈಲಿಗಳೊಳಗೂ ದನಗಾಹಿ ಸಂಸಾರಗಳು ವಾಸವಾಗಿದ್ದುವು. ಅವರಿಗೆ ಮುನ್ಸೂಚನೆಯಿಲ್ಲ, ಬಳಿಕವೂ ಅವರನ್ನು ತೆರವುಮಾಡಿಸಲಿಲ್ಲ. ದೂರದಲ್ಲೊಂದು ಮದ್ದಿನ ಉಗ್ರಾಣವು ಸಿಡಿಯಿತು, ಪ್ರಾಣಹಾನಿಯಿಲ್ಲ, ಎಂದು ಸೇನೆಯವರು ಪ್ರಕಟಿಸಿದರು. ನಿಜವು ಬಯಲಾದುದು ಮೂರು ವಾರಗಳ ತರುವಾಯ, ಹಿರೋಷಿಮಾ ಬೆಂದಮೇಲೆ. ಅಷ್ಟರಲ್ಲಿ ಬೂದಿಯು ಬಿಳಿಯ ಹುಡಿಯಾಗಿ ಮಾಡುಗಳ ಮೇಲೆ ಬಿದ್ದಿತ್ತು. ಮಾಡಿನಿಂದ ಇಳಿದ ಮಳೆಯ ನೀರನ್ನೇ ತೊಟ್ಟಿಯಲ್ಲಿ ತುಂಬಿ ಕುಡಿಯುವುದು ಆ ಸೀಮೆಯ ರೂಢಿ. ಬಯಲಿನ ದನಗಳ ಬೆನ್ನಿನ ಕೂದಲು ಉದುರಿ, ಮತ್ತೆ ಬೆಳ್ಳಗೆ ಹುಟ್ಟಿತು. ಅವುಗಳಲ್ಲಿ ಕೆಲವನ್ನು ಸರ್ಕಾರವು ಕೊಂಡು ಪರೀಕ್ಷಿಸಿತು. ಅದೇ ನೀರನ್ನು ಕುಡಿದ ಜನರನ್ನು ಕೇಳಿದವರಿಲ್ಲ. ಸಾವಿರ ಮೈಲಿಗೂ ಆಚೆ ಇಂಡಿಯಾನಾ ಪ್ರಾಂತದಲ್ಲಿ ನದಿಯ ನೀರಿನಿಂದ ತಯಾರಾದ ಹುಲ್ಲುರಟ್ಟು ಕೂಡ ಆ ಧೂಳಿನಿಂದ ಕೆಟ್ಟು, ಕೊಡಾಕ್ ಕಂಪನಿಯ ಛಾಯಾಚಿತ್ರದ ಫಿಲ್ಮುಗಳಲ್ಲಿ ಕಲೆಗಳನ್ನು ಮೂಡಿಸಿತು. ಕಂಪನಿಯವರು ಕಾರಣವನ್ನು ಶೋಧಿಸಿ ತಿಳಿದುಕೊಂಡರು!

1990ರಲ್ಲಿ ಅಮೆರಿಕದ ಶಾಸನಸಭೆಯು ಇಂಥ ಪರೀಕ್ಷೆಗಳಿಂದ ರೋಗಪೀಡಿತರಾದವರಿಗೆ ಪರಿಹಾರವನ್ನು ವಿಧಿಸಿತು. ಅದರಲ್ಲಿ ನೆವಾಡಾ ಪರೀಕ್ಷಾಕ್ಷೇತ್ರದ ಗಾಳಿಪಾಡಿನವರು ಸೇರಿದರು. ಮೊದಲನೆಯ ಸ್ಫೋಟದ ನೆರೆಯವರು ಹೊರಗುಳಿದರು. ನ್ಯೂ ಮೆಕ್ಸಿಕೋದ ಜನರನ್ನು ಆ ಶಾಸನಕ್ಕೆ ಸೇರಿಸಿಕೊಂಡದ್ದು 2025ನೆಯ ಜುಲೈ ತಿಂಗಳಲ್ಲಿ. ತೊಟ್ಟಿಯ ನೀರನ್ನು ಅಂದು ಕುಡಿದ ಕೂಸುಗಳಲ್ಲಿ ಬದುಕಿ ಉಳಿದವರಿಗೆ ಆಗ 80 ವರ್ಷ ತುಂಬಿತ್ತು.