ಹೊಸ ಮನೆ ಕಟ್ಟುವವರು ರಸ್ತೆಗೂ ದುಡ್ಡು ಕೊಡಬೇಕಾ?

ಇವತ್ತಿನ ಎಪಿಸೋಡ್‌ನಲ್ಲಿ ಒಂದು ಹಳೇ ಪ್ರಶ್ನೆ: ಊರಿನ ರಸ್ತೆಗೆ ದುಡ್ಡು ಕೊಡಬೇಕಾದ್ದು ಯಾರು?

ಪುತ್ತೂರು, ಸುಳ್ಯ, ಕಡಬ ಕಡೆ ಈಗ ತೋಟದ ಬದಿಯ ಜಾಗವೆಲ್ಲ ಸೈಟ್ ಆಗ್ತಾ ಉಂಟು. ಮನೆ ಹೆಚ್ಚಾದ ಹಾಗೆ ಕಾರು, ಬೈಕು, ಜಲ್ಲಿ ಲಾರಿ ಎಲ್ಲ ಹೆಚ್ಚಾಗ್ತದೆ. ರಸ್ತೆಯ ಅಗಲ ಮಾತ್ರ ಅಷ್ಟೇ. ಹಾಗಾಗಿ ಕೆಲವರು ಹೇಳ್ತಾರೆ, ಹೊಸದಾಗಿ ಕಟ್ಟುವವರಿಂದ ಜಾಸ್ತಿ ಶುಲ್ಕ ತಗೊಳ್ಳಿ ಅಂತ. ಕಟ್ಟುವವರು ಕೇಳ್ತಾರೆ, ತೆರಿಗೆ ಕೊಟ್ಟ ಮೇಲೆ ಮತ್ತೆ ಶುಲ್ಕ ಎಂತಕ್ಕೆ ಅಂತ.

ಈ ಜಗಳಕ್ಕೆ ಇತಿಹಾಸ ಉಂಟು. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು. ಅಲ್ಲಿಯವರೆಗೆ ಕೊಡಗಿನ ಅರಸರ ಕೈಯಲ್ಲಿದ್ದ ಅಮರ ಸುಳ್ಯ, ಪುತ್ತೂರು ಭಾಗ ಕೆನರಾ ಜಿಲ್ಲೆಗೆ ಸೇರಿತು. ಮೊದಲು ಬೆಳೆಯ ರೂಪದಲ್ಲಿ ಕೊಡುತ್ತಿದ್ದ ಕಂದಾಯವನ್ನು ಆಮೇಲೆ ನಗದಾಗಿ ಕೊಡಬೇಕಾಯಿತು. ರೈತನ ಕೈಯಲ್ಲಿ ಭತ್ತ ಇತ್ತು, ನಾಣ್ಯ ಇರಲಿಲ್ಲ. 1837ರ ಅಮರ ಸುಳ್ಯ ದಂಗೆಗೆ ಇದೂ ಒಂದು ದೊಡ್ಡ ಕಾರಣ. ಕೆದಂಬಾಡಿ ರಾಮಯ್ಯ ಗೌಡರ ಮುಂದಾಳತ್ವದಲ್ಲಿ ಹೊರಟ ರೈತರು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು ಮಂಗಳೂರಿನವರೆಗೂ ಹೋದರು. ಎಷ್ಟು ಕೇಳ್ತಾರೆ ಅನ್ನುವಷ್ಟೇ, ಹೇಗೆ ಕೇಳ್ತಾರೆ ಅನ್ನುವುದೂ ಜನರಿಗೆ ಮುಖ್ಯ.

ಇನ್ನು ರಸ್ತೆಯದ್ದೇ ತೆರಿಗೆಗೆ ಬರೋಣ. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಅಲ್ಲಿ 1866ರಲ್ಲಿ ಜಿಲ್ಲಾ ರಸ್ತೆ ಸೆಸ್ ಕಾನೂನು ಬಂತು. ಅಂದರೆ ಭೂಮಿಯ ಮೇಲೆ ರಸ್ತೆಗಾಗಿಯೇ ಒಂದು ಸೆಸ್. 1871ರಲ್ಲಿ ಸ್ಥಳೀಯ ನಿಧಿ ಕಾನೂನು, 1884ರಲ್ಲಿ ಸ್ಥಳೀಯ ಮಂಡಳಿಗಳ ಕಾನೂನು ಬಂದವು. ಆ ಕಾಲದ ಲೆಕ್ಕ ಸರಳ: ಭೂಮಿ ಇದ್ದವರೆಲ್ಲ ಸ್ವಲ್ಪ ಸ್ವಲ್ಪ ಕೊಡಿ, ರಸ್ತೆ ಎಲ್ಲರದ್ದು.

ಹೊಸಬರೇ ಕೊಡಲಿ ಅನ್ನುವ ಯೋಚನೆ ನಮ್ಮ ಕಾನೂನಿಗೆ ಬಂದದ್ದು ನಂತರ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ, ಜಮೀನಿನ ಬಳಕೆ ಬದಲಾದರೆ, ಅಭಿವೃದ್ಧಿ ಆದರೆ ಶುಲ್ಕ ಕಟ್ಟಬೇಕು. ಮುಂದೆ ಸೇರಿದ 18-ಎ ಸೆಕ್ಷನ್‌ನಲ್ಲಿ ನೀರು, ರಿಂಗ್ ರೋಡ್, ಕೊಳೆಗೇರಿ ಸುಧಾರಣೆ, ಸಮೂಹ ಸಾರಿಗೆಗೆ ಸೆಸ್. ಪಟ್ಟಿ ನೋಡಿ. ಇದು ಬೆಂಗಳೂರಿನಂಥ ನಗರಕ್ಕೆ ಹೊಲಿದ ಅಂಗಿ. ಕಡಬದಲ್ಲಿ ರಿಂಗ್ ರೋಡ್ ಎಲ್ಲಿ ಉಂಟು ಮಾರಾಯ್ರೆ?

ನಮ್ಮ ಊರು ಬೇರೆ ತರಹ. ಗುಡ್ಡದ ಮೇಲೊಂದು ಮನೆ, ತೋಟದ ಆಚೆ ಇನ್ನೊಂದು. ಎರಡರ ನಡುವೆ ತೋಡು, ಅದಕ್ಕೊಂದು ಮೋರಿ. ಮಳೆಗಾಲ ಕಳೆಯುವಾಗ ಡಾಮರು ಎದ್ದಿರ್ತದೆ. ಮನೆಗಳು ಕಡಿಮೆ, ರಸ್ತೆ ಉದ್ದ, ಹಾಗಾಗಿ ತಲಾ ಖರ್ಚು ಜಾಸ್ತಿ. ಇಲ್ಲಿ ಐವತ್ತು ಸೈಟ್ ಮಾಡಿ ಮಾರುವ ಬಿಲ್ಡರ್‌ಗೂ, ಅಪ್ಪ ಕೊಟ್ಟ 5 ಸೆಂಟ್ಸ್‌ನಲ್ಲಿ ಸಾಲ ಮಾಡಿ ಮನೆ ಕಟ್ಟುವವನಿಗೂ ಒಂದೇ ಅಳತೆಗೋಲು ಇಟ್ಟರೆ, ಪೆಟ್ಟು ಬೀಳುವುದು ಎರಡನೆಯವನಿಗೆ.

ಅಮೆರಿಕದಲ್ಲೂ ಈ ಶುಲ್ಕ ಉಂಟು. ಟೆಕ್ಸಾಸ್ ರಾಜ್ಯ 1987ರಲ್ಲಿ ಅದಕ್ಕೆಂದೇ ಕಾನೂನು ಮಾಡಿತು. ಅದರ ಪ್ರಕಾರ ಹಣವನ್ನು ಪ್ರತ್ಯೇಕ ಖಾತೆಯಲ್ಲಿ ಇಡಬೇಕು. ಹತ್ತು ವರ್ಷದೊಳಗೆ ಖರ್ಚು ಮಾಡದಿದ್ದರೆ ವಾಪಸ್ ಕೊಡಬೇಕು. ಶುಲ್ಕ ಯಾಕೆ ಕೊಟ್ಟೆ ಅನ್ನುವುದಕ್ಕೆ ಕಣ್ಣೆದುರೇ ಉತ್ತರ ಇರ್ತದೆ.

ನಮ್ಮ ಚರ್ಚೆ ಶುರುವಾಗಬೇಕಾದ್ದು ಅಲ್ಲಿಂದ. ಶುಲ್ಕ ಏರಿಸುವ ಮೊದಲು ಇಲ್ಲಿಯವರೆಗಿನ ಲೆಕ್ಕ ಕೊಡಲಿ. ಪುತ್ತೂರು ನಗರಸಭೆ ಇರಲಿ, ಸುಳ್ಯ, ಕಡಬದ ಪಟ್ಟಣ ಪಂಚಾಯತ್ ಇರಲಿ, ನಿಮ್ಮ ಗ್ರಾಮ ಪಂಚಾಯತ್ ಇರಲಿ, ಮೂರು ಪ್ರಶ್ನೆ ಕೇಳಿ. ಈ ಹಣ ಯಾವ ಖಾತೆಗೆ ಹೋಗ್ತದೆ? ಯಾವ ರಸ್ತೆಗೆ ಖರ್ಚಾಯಿತು? ಒಂದೇ ಮನೆ ಕಟ್ಟುವವನಿಗೆ ರಿಯಾಯಿತಿ ಉಂಟಾ?

ಗ್ರಾಮಸಭೆಯಲ್ಲಿ ಕೇಳಿ, ಬಜೆಟ್ ಪೂರ್ವಭಾವಿ ಸಭೆಯಲ್ಲಿ ಕೇಳಿ. ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.