ಸಂಡೂರಿನ ಲಂಬಾಣಿ ಕಸೂತಿ: ತಾಯಿಯಿಂದ ಕಲಿತದ್ದು, ಪೇಟೆಗೆ ಬಂದದ್ದು

ಬಳ್ಳಾರಿ ಜಿಲ್ಲೆಯ ಸಂಡೂರು ಸುತ್ತಲಿನ ಲಂಬಾಣಿ ತಾಂಡಾಗಳಲ್ಲಿ ಹೆಣ್ಣುಮಕ್ಕಳು ತಾಯಿ, ಅಜ್ಜಿಯರ ಮಗ್ಗುಲಲ್ಲಿ ಕುಳಿತು ಕಸೂತಿ ಕಲಿಯುತ್ತಿದ್ದರು. ಫೇಟಿಯಾ (ಲಂಗ), ಕಾಂಚಳಿ (ರವಿಕೆ)ಗಳ ಮೇಲೆ ಕನ್ನಡಿ ಚೂರು, ಕವಡೆ, ನಾಣ್ಯ ಕೂರಿಸಿ ಹೊಲಿದದ್ದು ಮಾರಲಿಕ್ಕಲ್ಲ, ತಾವು ಉಡಲಿಕ್ಕೆ, ಮದುವೆಗೆ. ಕೀಲನ್, ವೇಲೆ, ಮಾಕಿ, ನಕ್ರಾ ಮುಂತಾದ ಹೊಲಿಗೆಗಳು ಹೀಗೆ ಕೈಯಿಂದ ಕೈಗೆ ದಾಟಿ ಬಂದವು.

ವ್ಯಾಪಾರ ಈ ಸಮುದಾಯಕ್ಕೆ ಹೊಸದಾಗಿರಲಿಲ್ಲ. ಲಂಬಾಣಿಗರು ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ದಖ್ಖನಿನಲ್ಲಿ ಸಂಚರಿಸುತ್ತಿದ್ದರು, ಸೈನ್ಯಗಳಿಗೂ ದವಸ ಒದಗಿಸುತ್ತಿದ್ದರು. 19ನೇ ಶತಮಾನದಲ್ಲಿ ರೈಲು ಬಂದ ಮೇಲೆ ಆ ಕಸುಬು ಮುರಿದು, ಅನೇಕರು ಕೂಲಿಗೆ ಇಳಿದರು. ಮುಂದೆ ಸಂಡೂರಿನಲ್ಲಿ ಗಣಿಗಾರಿಕೆ ಬೆಳೆಯಿತು: 1954ರಲ್ಲಿ ಸಂಡೂರು ಮ್ಯಾಂಗನೀಸ್ ಕಂಪನಿ ಹುಟ್ಟಿತು, 1977ರಲ್ಲಿ ದೋಣಿಮಲೈಯಲ್ಲಿ ಸರ್ಕಾರಿ ಕಂಪನಿ ಎನ್‌ಎಂಡಿಸಿಯ ಕಬ್ಬಿಣದ ಗಣಿ ಶುರುವಾಯಿತು. ನೆಲದಡಿಯ ಅದಿರಿಗೆ ಬೆಲೆ ಬಂದರೂ ತಾಂಡಾದ ಕೈಕೆಲಸಕ್ಕೆ ಬೆಲೆ ಕಟ್ಟುವವರಿರಲಿಲ್ಲ.

ಆ ಕೊರತೆ ನೀಗಲು 1980ರ ದಶಕದಲ್ಲಿ ಸಂಡೂರು ಕುಶಲ ಕಲಾ ಕೇಂದ್ರ ಎಂಬ ಸಂಸ್ಥೆ ಮುಂದೆ ಬಂತು. ಬಾಲ್ಯದಿಂದಲೇ ಸೂಜಿ ಬಲ್ಲ ಹೆಂಗಸರಿಗೆ ಹೊಲಿಗೆ ಕಲಿಸುವ ಅಗತ್ಯ ಅಷ್ಟಾಗಿ ಇರಲಿಲ್ಲ. ಬೇಕಾಗಿದ್ದದ್ದು ಬಟ್ಟೆ, ನೂಲು, ಕೊಳ್ಳುವವರ ಅಭಿರುಚಿಯ ತಿಳಿವಳಿಕೆ ಮತ್ತು ಮಾರುಕಟ್ಟೆ. ಫೇಟಿಯಾದ ಮೇಲಿದ್ದ ಚಿತ್ತಾರ ಕುರ್ತಾ, ಚೀಲ, ದಿಂಬಿನ ಕವರುಗಳಿಗೆ ಬಂತು. ಮಗುವಾಗಿದ್ದಾಗ ಬಿಡುವಿನಲ್ಲಿ ಕಲಿತದ್ದು ಮನೆಯ ಆದಾಯವಾಯಿತು. ಆದರೂ ಕಸೂತಿ ಬಲ್ಲವರೆಲ್ಲ ಉದ್ಯಮಿಗಳಾಗಲಿಲ್ಲ. ಬೆಲೆ ನಿಗದಿ, ಮಾರಾಟದ ಲೆಕ್ಕ ಕೈಗೆ ಸಿಗುವವರೆಗೆ ಕಸೂತಿಗಾರ್ತಿ ಕೂಲಿಕಾರಳಾಗಿಯೇ ಉಳಿಯುತ್ತಾಳೆ.

ಇದೇ ಸೀಮೆಯಲ್ಲಿ ಬಾಲ್ಯದ ಇನ್ನೊಂದು ದುಡಿಮೆಯೂ ಇತ್ತು. 2000ರ ದಶಕದಲ್ಲಿ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ, ಹೊಸಪೇಟೆ–ಸಂಡೂರು ಭಾಗದ ಗಣಿಗಳಲ್ಲಿ ಮಕ್ಕಳು ಸುತ್ತಿಗೆ ಹಿಡಿದು ಅದಿರು ಒಡೆಯುತ್ತಿದ್ದರು. 18 ವರ್ಷದೊಳಗಿನವರನ್ನು ಗಣಿಯಲ್ಲಿ ದುಡಿಸುವುದನ್ನು ಕಾನೂನು ಆಗಲೇ ನಿಷೇಧಿಸಿತ್ತು. ಆ ಕೆಲಸ ಮಕ್ಕಳಿಗೆ ಕಸುಬನ್ನೂ ಕಲಿಸಲಿಲ್ಲ, ಶಾಲೆಯನ್ನೂ ಉಳಿಸಲಿಲ್ಲ. ಮನೆಯವರ ಜೊತೆ, ಆಟದ ನಡುವೆ ಕಲಿಯುವ ಕೈಕೆಲಸವನ್ನೂ ಈ ದುಡಿಮೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತಪ್ಪು.

ಇತ್ತ ಕಸೂತಿಗೆ ಮನ್ನಣೆಯೂ ಬಂತು. 2010ರಲ್ಲಿ ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ20 ಸಂಸ್ಕೃತಿ ಸಭೆ ನಡೆದಾಗ, 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ಹೊಲಿದ 1,755 ಕಸೂತಿ ತುಣುಕುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು.