ಯಾರ ತೋಟಾ, ಯಾರ ನಳಿಗೆ?

ಪ್ರಾಕ್ಟಿಕಲ್ ಶೂಟಿಂಗ್ ಅಂತ ಒಂದು ಆಟ ಇದೆ. ಒಲಿಂಪಿಕ್ಸ್‌ನಲ್ಲಿ ಒಂದೇ ಕಡೆ ನಿಂತು, ಉಸಿರು ಬಿಗಿಹಿಡಿದು ಗುರಿಗೆ ಹೊಡೀತಾರಲ್ಲ, ಆ ಥರದ್ದಲ್ಲ. ಇಲ್ಲಿ ಓಡಬೇಕು, ಬಗ್ಗಬೇಕು, ಗೋಡೆ ಮರೆಯಿಂದ ಇಣುಕಿ ಹೊಡೀಬೇಕು, ಓಡ್ತಾ ಓಡ್ತಾನೇ ಮ್ಯಾಗಜಿನ್ ಬದಲಿಸಬೇಕು. ಗಳಿಸಿದ ಅಂಕಗಳನ್ನ ತಗೊಂಡ ಸೆಕೆಂಡುಗಳಿಂದ ಭಾಗಿಸಿದರೆ ನಿಮ್ಮ ಸ್ಕೋರು. ಈ ಆಟವನ್ನ ನಡೆಸೋ ಅಂತರರಾಷ್ಟ್ರೀಯ ಸಂಸ್ಥೆ ಐಪಿಎಸ್‌ಸಿ. ಅದು ಹುಟ್ಟಿದ್ದು 1976ರಲ್ಲಿ, ಅಮೆರಿಕದ ಮಿಸೌರಿ ರಾಜ್ಯದ ಕೊಲಂಬಿಯಾದಲ್ಲಿ. ಜೆಫ್ ಕೂಪರ್ ಅದರ ಮೊದಲ ಅಧ್ಯಕ್ಷ.

ಇದರ ವಿಡಿಯೋ ನೋಡಿದ ನಮ್ಮ ಆಫೀಸಿನ ಹುಡುಗರು ಕೇಳೋ ಮೊದಲ ಪ್ರಶ್ನೆ ಒಂದೇ: "ಗುರೂ, ಯಾವ ಪಿಸ್ತೂಲು ತಗೋಬೇಕು? 9 ಎಂಎಂ ಒಳ್ಳೇದಾ, .40 ಒಳ್ಳೇದಾ?"

ಹೊರದೇಶದಲ್ಲಿ ಇದಕ್ಕೆ ಉತ್ತರ ಒಂದು ಗುಣಾಕಾರದಲ್ಲಿದೆ. ಗುಂಡಿನ ತೂಕವನ್ನ ಗ್ರೇನ್‌ನಲ್ಲಿ ತಗೊಳ್ಳಿ (ಒಂದು ಪೌಂಡಿಗೆ 7000 ಗ್ರೇನ್), ಅದರ ವೇಗವನ್ನ ಸೆಕೆಂಡಿಗೆ ಎಷ್ಟು ಅಡಿ ಅಂತ ಅಳೆಯಿರಿ, ಎರಡನ್ನೂ ಗುಣಿಸಿ 1000ದಿಂದ ಭಾಗಿಸಿ. ಬಂದಿದ್ದು ಪವರ್ ಫ್ಯಾಕ್ಟರ್. ಕನಿಷ್ಠ 125 ಇದ್ದರೆ ನೀವು 'ಮೈನರ್', 170 ದಾಟಿದರೆ ಬಹುತೇಕ ವಿಭಾಗಗಳಲ್ಲಿ 'ಮೇಜರ್'. ಗುರಿಯ ನಡುಭಾಗಕ್ಕೆ ಬಿದ್ದರೆ ಇಬ್ಬರಿಗೂ 5 ಅಂಕ. ಸ್ವಲ್ಪ ಆಚೆ ಬಿದ್ದರೆ ಮೇಜರ್‌ನವನಿಗೆ 4, ಮೈನರ್‌ನವನಿಗೆ 3. ಇನ್ನೂ ಆಚೆಗೆ 2 ಮತ್ತು 1. ಅಂದ್ರೆ ದೊಡ್ಡ ಗುಂಡಿನವನು ಸ್ವಲ್ಪ ತಪ್ಪಿದರೂ ನಡೆಯುತ್ತೆ, ಆದರೆ ಅವನ ಕೈಗೆ ಒದೆತ ಜಾಸ್ತಿ, ಮುಂದಿನ ಗುಂಡು ತಡ. 124 ಗ್ರೇನಿನ 9 ಎಂಎಂ ಗುಂಡು 1050 ಅಡಿ ವೇಗದಲ್ಲಿ ಹೋದರೆ 130, ಮೈನರ್ ಪಾಸು. 180 ಗ್ರೇನಿನ .40 ಗುಂಡು 950 ಅಡಿಯಲ್ಲಿ ಹೋದರೆ 171, ಮೇಜರ್ ಪಾಸು. ವೇಗ ಬೇಕಾ, ರಿಯಾಯಿತಿ ಬೇಕಾ ಅಂತ ನೋಡಿಕೊಂಡು ಆರಿಸಿಕೊಳ್ಳೋದು, ಅಷ್ಟೇ.

ಈಗ ನಮ್ಮ ದೇಶಕ್ಕೆ ಬನ್ನಿ. ಇಲ್ಲಿ ಲೈಸೆನ್ಸ್ ಸಿಕ್ಕ ಸಾಮಾನ್ಯ ನಾಗರಿಕ ಅಂಗಡಿಗೆ ಹೋದರೆ ಸಿಗೋ ಪಿಸ್ತೂಲು ಹೆಚ್ಚಾಗಿ .32. ಸರ್ಕಾರಿ ಕಾರ್ಖಾನೆಯ ಅಶನಿ ಪಿಸ್ತೂಲು .32. 2014ರಲ್ಲಿ ಹೆಂಗಸರ ರಕ್ಷಣೆಗೆ ಅಂತ ಸುದ್ದಿ ಮಾಡಿದ ನಿರ್ಭೀಕ್ ರಿವಾಲ್ವರ್ ಕೂಡ .32. ಪಿಸ್ತೂಲಿನ .32 ತೋಟಾದಲ್ಲಿ ಗುಂಡು 71 ಗ್ರೇನ್, ವೇಗ ಸುಮಾರು 900 ಅಡಿ. ಗುಣಿಸಿ ನೋಡಿ: 64. ಬೇಕಾದ 125ರ ಅರ್ಧದ ಹತ್ತಿರ ಬಂದು ನಿಲ್ಲುತ್ತೆ. ಈ ತೋಟಾ 1899ರ ಹೊತ್ತಿಗೆ ಜಾನ್ ಬ್ರೌನಿಂಗ್ ರೂಪಿಸಿದ್ದು. ಜಗತ್ತು 9 ಎಂಎಂ ಹಿಡಿದು ಓಡುತ್ತಿರುವಾಗ ನಾವು ಯಾಕೆ .32ರ ಹತ್ತಿರವೇ ನಿಂತಿದ್ದೀವಿ?

ಯಾಕಂದ್ರೆ ನಮ್ಮ ಆಯುಧ ನಿಯಮದ ಪಟ್ಟಿ ಕೇಳೋದು ಬೇರೆ ಪ್ರಶ್ನೆ. ಗುಂಡಿಗೆ ಎಷ್ಟು ಶಕ್ತಿ ಇದೆ ಅಂತ ಅದು ಕೇಳಲ್ಲ. ಸೈನ್ಯದ ತೋಟಾ ಈ ನಳಿಗೆಯಲ್ಲಿ ಕೂರುತ್ತಾ ಅಂತ ಕೇಳುತ್ತೆ. 1959ರ ಆಯುಧ ಕಾಯ್ದೆಯ ಕೆಳಗೆ ಬಂದ 1962ರ ನಿಯಮಗಳಲ್ಲಿ .303 ಅಥವಾ 7.62 ಎಂಎಂ ಸರ್ವಿಸ್ ತೋಟಾ ಹಾರಿಸಬಲ್ಲ ರೈಫಲ್ ನಿಷಿದ್ಧ. .380, .455, ಸರ್ವಿಸ್ 9 ಎಂಎಂ ತೋಟಾ ಹಾರಿಸಬಲ್ಲ ಪಿಸ್ತೂಲು, ರಿವಾಲ್ವರ್ ನಿಷಿದ್ಧ. ಹುಲಿ, ಆನೆ ಹೊಡೆಯೋ .470 ಡಬಲ್ ರೈಫಲ್ಲಿಗೆ ಲೈಸೆನ್ಸ್ ಸಿಗಬಹುದು, ಅದಕ್ಕಿಂತ ಎಷ್ಟೋ ಸಣ್ಣದಾದ 9 ಎಂಎಂ ಪಿಸ್ತೂಲಿಗೆ ಸಿಗಲ್ಲ. ಶಕ್ತಿಯ ಲೆಕ್ಕದಲ್ಲಿ ಇದು ತಲೆಕೆಳಗು. ಭಯದ ಲೆಕ್ಕದಲ್ಲಿ ನೋಡಿದರೆ ಸರಿಯಾಗಿ ಕೂರುತ್ತೆ.

ಆ ಭಯ 1857ರದು. ಹಲಗಲಿಯ ಬೇಡರ ಕಥೆ ಶಾಲೆಯಲ್ಲಿ ಓದಿದ್ದೀವಲ್ಲ? ಆಯುಧಗಳನ್ನ ತಂದೊಪ್ಪಿಸಿ ಅನ್ನೋ ಹುಕುಂ ಬಂದಾಗ ಮುಧೋಳ ಸೀಮೆಯ ಆ ಸಣ್ಣ ಊರು ಒಪ್ಪಲಿಲ್ಲ. ಬೇಟೆಯೇ ಬದುಕಾಗಿದ್ದವರಿಗೆ ಆಯುಧ ಕೊಟ್ಟರೆ ಉಳಿಯೋದೇನು? ಇಂಗ್ಲಿಷರ ದಂಡು ಬಂತು, ಊರು ಸುಟ್ಟಿತು, ಸೆರೆ ಸಿಕ್ಕವರು ಹಲವರು ಗಲ್ಲಿಗೇರಿದರು. ಇನ್ನು ಕಂಪನಿಯ ಸಿಪಾಯಿಗಳ ಕಥೆ ಬೇರೆ. ದಂಗೆ ಮುಗಿದ ಮೇಲೆ ಅವರ ಕೈಗೆ ಕೊಟ್ಟಿದ್ದು ಒಳಗಿನ ಸುರುಳಿ ಗೀರುಗಳನ್ನ ತೆಗೆದು ನುಣುಪು ಮಾಡಿದ ಎನ್‌ಫೀಲ್ಡ್ ಬಂದೂಕು. ಗೀರಿಲ್ಲದ ನಳಿಗೆಯಿಂದ ಹೊರಟ ಗುಂಡು ದೂರಕ್ಕೆ ನೆಟ್ಟಗೆ ಹೋಗಲ್ಲ. ಆಮೇಲೆ ಬಹಳ ವರ್ಷ ಗೋರಾ ಸೋಲ್ಜರಿಗಿಂತ ಒಂದು ತಲೆಮಾರು ಹಳೆಯ ಬಂದೂಕೇ ನಮ್ಮವರಿಗೆ ಗತಿ. 1878ರಲ್ಲಿ ಲಿಟ್ಟನ್ ಕಾಲದ ಆಯುಧ ಕಾಯ್ದೆ ಬಂದು, ಲೈಸೆನ್ಸ್ ಅನ್ನೋದು ನಮ್ಮ ಬದುಕಿನೊಳಗೆ ಬಂತು.

ಪೊಲೀಸರ ಮೇಲಾದರೂ ನಂಬಿಕೆ ಇತ್ತಾ ಅಂದ್ರೆ, ಅದೂ ಅರ್ಧಂಬರ್ಧ. .303 ಲೀ-ಎನ್‌ಫೀಲ್ಡಿನ ನಳಿಗೆಯನ್ನ .410ಕ್ಕೆ ಕೊರೆದು, ನುಣುಪು ಮಾಡಿ, ಅದಕ್ಕೆಂದೇ ಬೇರೆ ತೋಟಾ ಮಾಡಿ ಪೊಲೀಸರಿಗೂ ಜೈಲು ಕಾವಲಿನವರಿಗೂ ಕೊಟ್ಟರು. ನೋಡೋಕೆ ಮಿಲಿಟರಿ ಬಂದೂಕು, ಹೊಡೆದರೆ ಹತ್ತಿರಕ್ಕೆ ಮಾತ್ರ. ನಾಳೆ ಇವರೇ ತಿರುಗಿಬಿದ್ದರೆ, ಅಥವಾ ಬಂದೂಕು ಯಾರದೋ ಕೈಗೆ ಹೋದರೆ, ಸೈನ್ಯದ ತೋಟಾ ಇದಕ್ಕೆ ಉಪಯೋಗಕ್ಕೆ ಬರಬಾರದು. ನಾವು ಸಾಫ್ಟ್‌ವೇರಿನವರು ಇದನ್ನ ಅಕ್ಸೆಸ್ ಕಂಟ್ರೋಲ್ ಅಂತೀವಿ. ಅವರು ಅದನ್ನ ಲೇತ್ ಯಂತ್ರದಲ್ಲಿ ಮಾಡಿದ್ದರು.

ಬಿಳಿ ಬೇಟೆಗಾರರಿಗೂ ಇದರ ಬಿಸಿ ತಟ್ಟಿತು. 20ನೇ ಶತಮಾನದ ಮೊದಲ ದಶಕದಲ್ಲಿ ಭಾರತ ಮತ್ತು ಸುಡಾನಿಗೆ .450 ತೋಟಾ ತರೋದನ್ನ ಸರ್ಕಾರ ನಿಲ್ಲಿಸಿತು. ಹಳೆಯ ಮಾರ್ಟಿನಿ-ಹೆನ್ರಿ ರೈಫಲ್ಲುಗಳೂ .450ರವೇ, ಅವು ದಂಗೆಯೆದ್ದವರ ಕೈಯಲ್ಲಿದ್ದವು, ಗುಂಡು ಅವರಿಗೆ ಸಿಕ್ಕೀತು ಅನ್ನೋ ದಿಗಿಲು. ಆನೆ ಬೇಟೆಗೆ ಹೆಸರಾಗಿದ್ದ .450 ಹೀಗೆ ಮೂಲೆಗೆ ಬಿತ್ತು. ಲಂಡನ್ನಿನ ಬಂದೂಕು ಕಂಪನಿಗಳು ಗುಂಡಿನ ಅಳತೆಯನ್ನ ಕೂದಲೆಳೆಯಷ್ಟು ಬದಲಿಸಿ .465, .470, .475 ಅಂತ ಹೊಸ ತೋಟಾಗಳನ್ನ ಇಳಿಸಿದವು. ತೇಜಸ್ವಿಯವರ ಕಾಡಿನ ಕಥೆಗಳ ಮೂಲಕ ನಮಗೆಲ್ಲ ಗೊತ್ತಿರೋ ಕೆನೆತ್ ಆಂಡರ್ಸನ್ ಕಾವೇರಿ ದಂಡೆಯ ಕಾಡುಗಳಲ್ಲಿ ಹೊತ್ತು ತಿರುಗಿದ್ದು .405 ವಿಂಚೆಸ್ಟರ್. ಸೈನ್ಯದ ಯಾವ ತೋಟಾದ ನೆಂಟಸ್ತಿಕೆಯೂ ಇಲ್ಲದ್ದು.

ಇಷ್ಟು ಹೊತ್ತು ಇದನ್ನೆಲ್ಲ ಬ್ರಿಟಿಷರ ಅತಿ ಅನುಮಾನ ಅಂತ ಓದಿಕೊಂಡು ಬಂದಿರಬಹುದು. ಈ ಪಟ್ಟಿಯನ್ನ ನಾನು ಹಾಗೆ ಓದಲಾರೆ. ಯಾಕಂದ್ರೆ ನಾನು ಬೆಳೆದಿದ್ದು ಹೂಗ್ಯಂ ಕಡೆ.

ಹೂಗ್ಯಂ ಈಗ ಚಾಮರಾಜನಗರ ಜಿಲ್ಲೆ, ಹನೂರು ತಾಲ್ಲೂಕು. ಅದಕ್ಕೆ ಮೊದಲು ಕೊಳ್ಳೇಗಾಲ ತಾಲ್ಲೂಕು. 1956ಕ್ಕೆ ಮುಂಚೆ ಕೊಳ್ಳೇಗಾಲವೇ ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಒಂದು ಕಡೆ ರಾಮಾಪುರ, ಒಂದು ಕಡೆ ಮೀಣ್ಯಂ, ಸುತ್ತ ಮಲೆ ಮಾದಪ್ಪನ ಕಾಡು. 1992ರಲ್ಲಿ ವೀರಪ್ಪನ್ ಗ್ಯಾಂಗು ರಾಮಾಪುರ ಪೊಲೀಸ್ ಠಾಣೆ ಮೇಲೆ ಬಿತ್ತು. ಐದು ಜನ ಪೊಲೀಸರು ಸತ್ತರು. ಠಾಣೆಯ ಬಂದೂಕು, ತೋಟಾ ಎಲ್ಲ ಕಾಡು ಸೇರಿದವು. ಅದೇ ವರ್ಷ ಆಗಸ್ಟ್ 14ರಂದು ಮೀಣ್ಯಂ ಹತ್ತಿರ ಹೊಂಚು ಹಾಕಿ ಎಸ್ಪಿ ಹರಿಕೃಷ್ಣ, ಎಸ್‌ಐ ಶಕೀಲ್ ಅಹ್ಮದ್ ಮತ್ತು ಅವರ ಜೊತೆಗಿದ್ದ ಪೊಲೀಸರನ್ನ ಕೊಂದರು. ಸರ್ಕಾರದ ತೋಟಾ ಬೇರೆಯವರ ಕೈಗೆ ಹೋದರೆ ಅನ್ನೋ ಆ ನೂರು ವರ್ಷದ ಭಯ ಇದೆಯಲ್ಲ, ಅದು ನಿಜವಾಗಿದ್ದು ನಮ್ಮ ಪಕ್ಕದೂರಿನ ಠಾಣೆಯಲ್ಲಿ. ನಾಗರಿಕನಿಗೆ ಯಾವ ಕ್ಯಾಲಿಬರ್ ಕೊಡಬಾರದು ಅನ್ನೋ ಪಟ್ಟಿ ಆಗಲೂ ಇತ್ತು. ಆದರೆ ಹೋಗಿದ್ದು ನಾಗರಿಕನ ಮನೆಯ ಬಂದೂಕಲ್ಲ, ಠಾಣೆಯದು.

ಮರುವರ್ಷ, 1993ರ ಏಪ್ರಿಲ್ 9ರಂದು, ಬೆಟ್ಟದಿಂದ ಮೆಟ್ಟೂರಿಗೆ ಇಳಿಯೋ ದಾರಿಯ ಪಾಲಾರ್ ಹತ್ತಿರ ನೆಲಬಾಂಬು ಸಿಡಿದು 22 ಜನ ಸತ್ತರು. ಅದಕ್ಕೆ ಕ್ಯಾಲಿಬರೇ ಇಲ್ಲ.

ಆಮೇಲೆ ಬಂದ ಕಾರ್ಯಾಚರಣೆಯ ದಿನಗಳಲ್ಲಿ ಬಂದೂಕಿನ ಎರಡೂ ತುದಿಯ ಭಯ ಈ ಊರುಗಳ ಪಾಲಿಗೆ ಬಂತು. ಕಾಡಿನವನಿಗೆ ಅಕ್ಕಿ ಕೊಟ್ಟೆ ಅಂತ ಖಾಕಿಯವರು, ಖಾಕಿಯವರಿಗೆ ಸುದ್ದಿ ಕೊಟ್ಟೆ ಅಂತ ಕಾಡಿನವನು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿಯನ್ನ ನೇಮಿಸಿ, ವಿಶೇಷ ಕಾರ್ಯಪಡೆಯ ಕೈಯಲ್ಲಿ ನರಳಿದವರ ದೂರುಗಳನ್ನ ಕೇಳಿಸಿಕೊಂಡಿತು. ಸೋಲಿಗರ ಹಾಡಿಗಳ ಜನ, ಕೂಲಿಯವರು, ಹೆಂಗಸರು ಬಂದು ಹೇಳಿಕೊಂಡರು. ನಮ್ಮ ಕಡೆ ಹಿರಿಯರು ಇವತ್ತಿಗೂ ಆ ವರ್ಷಗಳ ಮಾತು ಬಂದರೆ ದನಿ ತಗ್ಗಿಸ್ತಾರೆ.

ನಮ್ಮೂರ ಕಡೆಯ ರೈತ ನೋಡಿರೋ ಬಂದೂಕು ಅಂದ್ರೆ ನಾಡಬಂದೂಕು. ಬಾಯಿಯಿಂದ ಮದ್ದು ತುಂಬಿ, ಬಟ್ಟೆಚೂರು ಗಿಡಿದು, ಚರೆ ಹಾಕಿ ಹೊಡೆಯೋದು. ಇದರ ಕ್ಯಾಲಿಬರ್ ಏನು ಅಂದ್ರೆ ಕಮ್ಮಾರನಿಗೆ ಸಿಕ್ಕ ಕೊಳವೆ ಎಷ್ಟಿತ್ತೋ ಅಷ್ಟು. ಅದು ಬಿಟ್ಟರೆ 12 ಬೋರ್ ತೋಟಾ ಬಂದೂಕು. ಈ 12 ಅನ್ನೋದು ಇಂಚಲ್ಲ, ಎಂಎಂ ಅಲ್ಲ. ಒಂದು ಪೌಂಡು ಸೀಸದಲ್ಲಿ 12 ಸಮನಾದ ಗುಂಡು ಎರಕ ಹೊಯ್ದರೆ ಒಂದು ಗುಂಡಿನ ಅಗಲ ಎಷ್ಟೋ ಆ ಅಳತೆ. ಬೆಳೆ ಕಾಯೋಕೆ ಅಂತ ಲೈಸೆನ್ಸ್ ಇದ್ದವರು ಪ್ರತಿ ಚುನಾವಣೆಗೆ ಅದನ್ನ ಠಾಣೆಗೆ ಒಪ್ಪಿಸಿ ರಸೀದಿ ತರಬೇಕು. ಉಳಿದವರಿಗೆ ಅಟ್ಟಣೆ, ತಮಟೆ, ಪಟಾಕಿ. ರಾಗಿ ತೆನೆಗೆ ಬಂದ ಮೇಲೆ ಹಂದಿಯೂ ಬರುತ್ತೆ, ಆನೆಯೂ ಬರುತ್ತೆ.

ಇದೇ ರಾಜ್ಯದ ಕೊಡಗಿನಲ್ಲಿ ಬೇರೆಯೇ ಲೆಕ್ಕ. ಅಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನ 2029ರವರೆಗೆ ಮುಂದುವರಿಸಿತು. ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗೆ ಹೂ ಮುಡಿಸಿ ಪೂಜೆ ಮಾಡಿ, ತೆಂಗಿನಕಾಯಿಗೆ ಗುಂಡು ಹೊಡೆಯೋ ಪಂದ್ಯ ಕಟ್ತಾರೆ. ಅಮೆರಿಕದ ಆ ಸಭೆ ಸೇರೋಕೆ ಎಷ್ಟೋ ಮೊದಲಿಂದ ನಡೆದು ಬಂದ ಶೂಟಿಂಗ್ ಆಟ ಅದು. ಒಂದೇ ಸರ್ಕಾರ ಒಂದು ಬೆಟ್ಟದ ಜನರನ್ನ ನಂಬಿತು, ಇನ್ನೊಂದು ಬೆಟ್ಟದವರನ್ನ ನಂಬಲಿಲ್ಲ. ನಂಬಿದ ಕಡೆ ಬಂದೂಕು ಹಬ್ಬ ಆಯ್ತು. ನಮ್ಮ ಕಡೆ ಬಂದೂಕು ಅಂದ್ರೆ ಕೇಸು.

ಹಾಗಂತ ಹೂಗ್ಯಂಗೂ ಮನೆಗೊಂದು ಬಂದೂಕು ಕೊಡಿ ಅಂತ ನಾನು ಹೇಳ್ತಿಲ್ಲ. ಆಯುಧದ ಪಟ್ಟಿ ಬರೆದವರು ಯಾವುದನ್ನ ಎಣಿಸಿದರು, ಯಾವುದನ್ನ ಎಣಿಸಲಿಲ್ಲ ಅಂತ ನೋಡಿ ಅಷ್ಟೇ. 2025ರ ಜೂನ್‌ನಲ್ಲಿ ಹೂಗ್ಯಂ ವಲಯದ ಮೀಣ್ಯಂ ಕಾಡಿನಲ್ಲಿ ಒಂದು ತಾಯಿ ಹುಲಿ, ನಾಲ್ಕು ಮರಿಗಳು ಒಟ್ಟಿಗೆ ಸತ್ತು ಬಿದ್ದಿದ್ದವು. ಹುಲಿ ಕೊಂದಿದ್ದ ಹಸುವಿನ ಮೈಗೆ ವಿಷ ಹಾಕಿದ್ದರು. ಒಂದು ಗುಂಡೂ ಹಾರಲಿಲ್ಲ. ಕ್ಯಾಲಿಬರ್ ಪಟ್ಟಿ ದಂಗೆ ಏಳೋ ಸಿಪಾಯಿಯನ್ನ ಮನಸ್ಸಲ್ಲಿಟ್ಟುಕೊಂಡು ಬರೆದಿದ್ದು. ಹಸು ಕಳಕೊಂಡವನ ಸಿಟ್ಟು ಅದರಲ್ಲಿ ಯಾವ ಕಾಲಮ್ಮಿಗೂ ಬರಲ್ಲ. ಪರಿಹಾರ ಬೇಗ ಸಿಕ್ಕರೆ, ಕೊಟ್ಟಿಗೆ ಭದ್ರ ಇದ್ದರೆ, ಕಾಡಿನವರೂ ಊರಿನವರೂ ಕೂತು ಮಾತಾಡಿದರೆ ಆ ಸಿಟ್ಟು ತಣ್ಣಗಾಗಬಹುದು. ಅದಕ್ಕೆ ಬೇಕಾಗಿರೋದು ಬೇರೆ ಇಲಾಖೆಯ ಕೆಲಸ.

ಸರಿ, ಆಫೀಸಿನ ಹುಡುಗರ ಪ್ರಶ್ನೆಗೆ ಉತ್ತರ ಬಾಕಿ ಇದೆ. ಓಡಿ ಹೊಡೆಯೋ ಆಟದ 9 ಎಂಎಂ, .40 ಚರ್ಚೆ ಸದ್ಯಕ್ಕೆ ನಮ್ಮದಲ್ಲ. ನಮ್ಮಲ್ಲಿ ಶುರು ಮಾಡಬಹುದಾದ್ದು .177 ಏರ್ ಪಿಸ್ತೂಲಿನಿಂದ, ಅಂದ್ರೆ 4.5 ಎಂಎಂ. ರೈಫಲ್ ಅಸೋಸಿಯೇಷನ್ ಮಾನ್ಯತೆ ಇರೋ ಕ್ಲಬ್ಬಿಗೆ ಸೇರಿ, 10 ಮೀಟರ್ ಗುರಿಗೆ ಕೈ ಕೂರಿಸಿ. ಅಲ್ಲಿಂದ .22, ಆಮೇಲೆ ನಮ್ಮ ಅದೇ .32ರಲ್ಲಿ 25 ಮೀಟರ್ ಸೆಂಟರ್ ಫೈರ್. ಆ ವಿಭಾಗದಲ್ಲೇ ಜಸ್ಪಾಲ್ ರಾಣಾ 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ 590 ಅಂಕ ಹೊಡೆದು ವಿಶ್ವದಾಖಲೆ ಸರಿಗಟ್ಟಿ ಚಿನ್ನ ತಂದರು. ಸಾಫ್ಟ್‌ವೇರ್ ಕೆಲಸ ಬಿಟ್ಟು ಬಂದ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಏರ್ ಪಿಸ್ತೂಲಿನಲ್ಲಿ ಬೆಳ್ಳಿ ಗೆದ್ದರು, 2016ರಲ್ಲಿ ರಿಯೊ ಒಲಿಂಪಿಕ್ಸ್‌ಗೂ ಹೋದರು.

ಹಳೆಯ ಪಟ್ಟಿ ಬಿಟ್ಟುಕೊಟ್ಟ ಜಾಗ ಚಿಕ್ಕದು. ಅಷ್ಟರಲ್ಲೇ ಅವರು ಗುರಿ ಹಿಡಿದರು. ಮುಂದಿನ ಸಲ ಅಂಗಡಿಯ ಗಾಜಿನ ಹಿಂದೆ .32 ಪಿಸ್ತೂಲು ಕಂಡರೆ ಬೆಲೆ ಕೇಳೋಕೆ ಮೊದಲು ಒಂದು ನಿಮಿಷ ನಿಲ್ಲಿ. ಆ ಸಣ್ಣ ನಳಿಗೆಯ ಅಳತೆಯನ್ನ ಹಲಗಲಿಯವರೂ, ನುಣುಪು ಬಂದೂಕು ಹೊತ್ತ ಸಿಪಾಯಿಗಳೂ ಸೇರಿ ನಿಮಗೋಸ್ಕರ ಆರಿಸಿಟ್ಟು ಹೋಗಿದ್ದಾರೆ.